ಟ್ರಿಪಲ್ ನೆಗೆಟಿವ್, ಆದರೆ ಗ್ರೇಡ್ 1: ಸ್ತನದ ಒಂದು ಅಪರೂಪದ ಕ್ಯಾನ್ಸರನ್ನು ಗುರುತಿಸುವ ಬಗೆ

ಸ್ತನದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಮನೆಯವರ ಕಣ್ಣು ಹುಡುಕುವುದು ಒಂದೆರಡು ಪದಗಳನ್ನು ಮಾತ್ರ. ಅದರಲ್ಲಿ ‘ಟ್ರಿಪಲ್ ನೆಗೆಟಿವ್’ ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೂ ಹೆದರಿಸುವ ಮಾತೇ: ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ, ಕಿಮೋ ತಡ ಮಾಡಬಾರದು. ಹೆಚ್ಚಿನ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್‌ಗಳ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಅದೇ ಹಾಳೆಯ ಇನ್ನೊಂದು ಸಾಲಿನಲ್ಲಿ ‘ಗ್ರೇಡ್ 1’ ಅಂತಲೋ, ‘ಕೆಐ-67 ಕಡಿಮೆ’ ಅಂತಲೋ ಬರೆದಿದ್ದರೆ ಸ್ವಲ್ಪ ನಿಲ್ಲಿ. ಗ್ರೇಡ್ ಅಂದರೆ ಕೋಶಗಳು ಎಷ್ಟು ಕೆಟ್ಟಿವೆ ಅನ್ನುವ ಅಳತೆ, 1 ಸೌಮ್ಯ, 3 ಉಗ್ರ. ಕೆಐ-67 ಅಂದರೆ ಎಷ್ಟು ಕೋಶಗಳು ವಿಭಜನೆಯಲ್ಲಿ ತೊಡಗಿವೆ ಅನ್ನುವ ಅಳತೆ. ಟ್ರಿಪಲ್ ನೆಗೆಟಿವ್ ಜೊತೆ ಈ ಮಾತುಗಳು ಬರುವುದು ತೀರಾ ಅಪರೂಪ. ಬಂದಿದ್ದರೆ ಅಲ್ಲಿರುವುದು ಬೇರೆಯದೇ ಜಾತಿಯ ಗಡ್ಡೆ ಇರಬಹುದು. ಅದರ ದಾರಿ ಬೇರೆ, ಚಿಕಿತ್ಸೆಯೂ ಬೇರೆ.

ಅಂಥ ಗಡ್ಡೆಗಳಲ್ಲಿ ಒಂದರ ಹೆಸರು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಈ ಲೇಖನ ಪೂರ್ತಿ ಅದರ ಬಗ್ಗೆ. ಮುಖ್ಯವಾಗಿ, ನೋಡಲು ಅದರಂತೆಯೇ ಇರುವ ಬೇರೆ ಗಡ್ಡೆಗಳಿಂದ ಅದನ್ನು ಹೇಗೆ ಬೇರ್ಪಡಿಸುತ್ತಾರೆ ಅನ್ನುವುದರ ಬಗ್ಗೆ.

ಮೊದಲು ಆ ಹೆದರಿಸುವ ಹೆಸರನ್ನು ಬಿಡಿಸಿಕೊಳ್ಳೋಣ. ಸ್ತನ ಕ್ಯಾನ್ಸರಿನ ಕೋಶಗಳಲ್ಲಿ ಮೂರು ಗುರುತುಗಳನ್ನು ಹುಡುಕುತ್ತಾರೆ. ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಈಆರ್. ಪ್ರೊಜೆಸ್ಟರಾನ್ ರಿಸೆಪ್ಟರ್, ಅಂದರೆ ಪಿಆರ್. ಮೂರನೆಯದು ಹರ್-2 ಎಂಬ ಪ್ರೊಟೀನು. ಮೂರೂ ಇಲ್ಲದಿದ್ದರೆ ಟ್ರಿಪಲ್ ನೆಗೆಟಿವ್. ಅಂದರೆ ಈ ಹೆಸರು ಗಡ್ಡೆಯಲ್ಲಿ ಏನಿಲ್ಲ ಅಂತ ಹೇಳುತ್ತದೆಯೇ ಹೊರತು ಏನಿದೆ ಅಂತ ಹೇಳುವುದಿಲ್ಲ. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್‌ಗಳು ಪತ್ತೆಯಾದವು ಎಂದು ಜಾಗತಿಕ ಕ್ಯಾನ್ಸರ್ ಅಂಕಿಅಂಶಗಳ ಸಂಗ್ರಹವಾದ ಗ್ಲೋಬೋಕಾನ್‌ನ ಅಂದಾಜು. ನಮ್ಮಲ್ಲಿ ಟ್ರಿಪಲ್ ನೆಗೆಟಿವ್ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಜಾಸ್ತಿ, ಹತ್ತರಲ್ಲಿ ಸುಮಾರು ಮೂರು. ಅವುಗಳಲ್ಲಿ ಬಹುಪಾಲು ಗ್ರೇಡ್ 3. ಕೋಶಗಳು ಅಡ್ಡಾದಿಡ್ಡಿ, ಎಲ್ಲಿ ನೋಡಿದರೂ ವಿಭಜನೆ. ಅವಕ್ಕೆ ಕಿಮೋ ಬೇಕೇ ಬೇಕು, ಅದು ಜೀವ ಉಳಿಸುತ್ತದೆ. ಈ ಲೇಖನ ಓದಿ ಯಾರೂ ಕಿಮೋ ಮುಂದೂಡಬಾರದು. ನಾನು ಹೇಳುತ್ತಿರುವುದು ಆ ಗುಂಪಿನೊಳಗೆ ಹೆಸರಿನ ಕಾರಣಕ್ಕಷ್ಟೇ ಸೇರಿಕೊಂಡಿರುವ ಬೆರಳೆಣಿಕೆಯ ಗಡ್ಡೆಗಳ ಬಗ್ಗೆ.

ಎಷ್ಟು ಅಪರೂಪ ಅಂದರೆ, ಸ್ತನ ಕ್ಯಾನ್ಸರ್‌ಗಳ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಅಮೆರಿಕದ ಕ್ಯಾನ್ಸರ್ ನೋಂದಣಿಯಲ್ಲಿ 1977ರಿಂದ 2006ರವರೆಗೆ ಈ ಗಡ್ಡೆ ಇದ್ದ 338 ಮಹಿಳೆಯರ ಮಾಹಿತಿಯನ್ನು ಒಂದು ತಂಡ ಒಟ್ಟುಗೂಡಿಸಿತು. ವರ್ಷಕ್ಕೆ ಹತ್ತು ಲಕ್ಷ ಮಹಿಳೆಯರಲ್ಲಿ ಒಬ್ಬರಿಗೆ, ಅಷ್ಟೇ. ಈ ಕ್ಯಾನ್ಸರ್ ಇದ್ದವರ ಬದುಕುಳಿಯುವ ಪ್ರಮಾಣವನ್ನು ಅದೇ ವಯಸ್ಸಿನ ಬೇರೆ ಮಹಿಳೆಯರ ಜೊತೆ ಹೋಲಿಸಿ ಲೆಕ್ಕ ಹಾಕಿದಾಗ ಐದು ವರ್ಷಕ್ಕೆ ಶೇ. 98, ಹತ್ತು ವರ್ಷಕ್ಕೆ ಶೇ. 95, ಹದಿನೈದು ವರ್ಷಕ್ಕೆ ಶೇ. 91 ಬಂತು. ಟ್ರಿಪಲ್ ನೆಗೆಟಿವ್ ಅನ್ನುವ ಹೆಸರಿನಡಿ ಇಂಥ ಅಂಕಿ ಕಾಣಸಿಗುವುದು ಕಷ್ಟ.

ಸಾಮಾನ್ಯವಾಗಿ ಐವತ್ತು, ಅರವತ್ತರ ವಯಸ್ಸಿನವರಲ್ಲಿ ಬರುತ್ತದೆ. ಮೊಲೆತೊಟ್ಟಿನ ಹಿಂದೆ ಅಥವಾ ಹತ್ತಿರ ಇರುವುದು ಜಾಸ್ತಿ. ಕೆಲವರಿಗೆ ಮುಟ್ಟಿದರೆ ನೋವು. ಸ್ಕ್ಯಾನಿಂಗ್‌ನಲ್ಲಿ ಒಮ್ಮೊಮ್ಮೆ ಅಂಚು ನಯವಾಗಿ, ಫೈಬ್ರೋಅಡಿನೋಮಾದಂಥ ಸಾಧು ಗಡ್ಡೆಯ ಹಾಗೆ ಕಾಣುತ್ತದೆ. ಮ್ಯಾಮೊಗ್ರಾಂ ನೋಡಿ ಇದೇ ಅಂತ ಹೇಳಲು ಯಾರಿಗೂ ಸಾಧ್ಯವಿಲ್ಲ. ತೀರ್ಮಾನ ಆಗುವುದು ಪೆಥಾಲಜಿಸ್ಟ್ ಮೇಜಿನ ಮೇಲೆ.

ಎರಡು ಬಗೆಯ ಕೋಶ, ಎರಡು ಬಗೆಯ ರಂಧ್ರ

ಸ್ತನದ ಹಾಲಿನ ನಾಳವನ್ನು ಅಡ್ಡ ಕೊಯ್ದು ನೋಡಿದರೆ ಎರಡು ಪದರ ಕಾಣುತ್ತದೆ. ಒಳಗಿನ ಪದರ ಹಾಲನ್ನು ಒಸರುವ ಕೋಶಗಳದ್ದು. ಹೊರಗಿನ ಪದರ ಹಿಂಡುವ ಕೋಶಗಳದ್ದು, ಇವಕ್ಕೆ ಮಯೋಎಪಿಥೀಲಿಯಲ್ ಕೋಶ ಅನ್ನುತ್ತಾರೆ. ಮಗು ಹಾಲು ಕುಡಿಯುವಾಗ ನಾಳ ಕುಗ್ಗಿ ಹಾಲು ಮುಂದಕ್ಕೆ ಬರುವುದು ಈ ಹೊರಪದರದಿಂದ. ಅದರಾಚೆ ತೆಳುವಾದ ಒಂದು ಪೊರೆ, ಬೇಸ್‌ಮೆಂಟ್ ಮೆಂಬ್ರೇನ್. ನಮ್ಮ ಜೊಲ್ಲು ಗ್ರಂಥಿಯ ರಚನೆಯೂ ಹೆಚ್ಚುಕಡಿಮೆ ಇದೇ. ಅದಕ್ಕೇ ಜೊಲ್ಲು ಗ್ರಂಥಿಯಲ್ಲಿ ಬರುವ ಕೆಲವು ಗಡ್ಡೆಗಳು ಸ್ತನದಲ್ಲೂ ಬರುತ್ತವೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅಂಥದ್ದೊಂದು. ವಿಚಿತ್ರ ಏನೆಂದರೆ ಜೊಲ್ಲು ಗ್ರಂಥಿಯಲ್ಲಿ ಇದು ಹಠಮಾರಿ: ನರಗಳ ಗುಂಟ ಹಬ್ಬುತ್ತದೆ, ವರ್ಷಗಳ ನಂತರವೂ ಮರುಕಳಿಸುತ್ತದೆ. ಸ್ತನದಲ್ಲಿ ಅದೇ ಗಡ್ಡೆ ಎಷ್ಟೋ ಮೃದು.

ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಮೊದಲು ಕಾಣುವುದು ಜರಡಿಯಂಥ ವಿನ್ಯಾಸ. ಗುಲಾಬಿ ಹಿನ್ನೆಲೆಯಲ್ಲಿ ನೇರಳೆ ಬಣ್ಣದ ಕೋಶಗಳ ದ್ವೀಪಗಳು, ಪ್ರತಿ ದ್ವೀಪದ ತುಂಬ ದುಂಡಗಿನ ರಂಧ್ರಗಳು. ಇಷ್ಟಕ್ಕೇ ನಿಂತರೆ ತಪ್ಪುತ್ತದೆ. ಹತ್ತಿರದಿಂದ ನೋಡಿದರೆ ರಂಧ್ರಗಳು ಎರಡು ಬಗೆ. ಕೆಲವು ಚಿಕ್ಕವು, ನಿಜವಾದ ಗ್ರಂಥಿಯ ಬಾಯಿಗಳು. ಸುತ್ತ ಗುಲಾಬಿ ಬಣ್ಣದ, ಒಸರುವ ಜಾತಿಯ ಕೋಶಗಳು, ಒಳಗೆ ಸ್ವಲ್ಪ ಸ್ರಾವ. ಉಳಿದವು ದೊಡ್ಡವು, ಆದರೆ ಅವು ರಂಧ್ರವೇ ಅಲ್ಲ. ಗಡ್ಡೆಯ ಹೊರಗಿನ ಪದಾರ್ಥವೇ ಒಳಗೆ ನುಗ್ಗಿ ಕೂತ ಜಾಗಗಳು. ಒಳಗೆ ತೆಳು ನೀಲಿ ಲೋಳೆ, ಇಲ್ಲವೇ ಗಟ್ಟಿ ಗುಲಾಬಿ ಉಂಡೆ. ಆ ಉಂಡೆ ನಾನು ಮೇಲೆ ಹೇಳಿದ ಬೇಸ್‌ಮೆಂಟ್ ಮೆಂಬ್ರೇನಿನ ಸಾಮಗ್ರಿ: ಕೊಲಾಜೆನ್ 4, ಲ್ಯಾಮಿನಿನ್. ಅದರ ಸುತ್ತ ಇರುವುದು ಚಿಕ್ಕ, ಕಪ್ಪಗಿನ, ಮೂಲೆ ಮೂಲೆಯಾದ ನ್ಯೂಕ್ಲಿಯಸ್ ಇರುವ ಕೋಶಗಳು, ಹಿಂಡುವ ಜಾತಿಯವು. ಎರಡು ಬಗೆಯ ಕೋಶ, ಎರಡು ಬಗೆಯ ರಂಧ್ರ. ಇದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವೇ ಕಷ್ಟದ್ದು, ಯಾಕೆಂದರೆ ಜರಡಿಯ ವಿನ್ಯಾಸ ಇರುವ ಗಡ್ಡೆಗಳು ಇನ್ನೂ ಇವೆ.

ಒಂದು ನಿಯಮ, ಅದನ್ನು ಮುರಿಯುವ ಗಡ್ಡೆ

ಸ್ತನದ ಪೆಥಾಲಜಿಯಲ್ಲಿ ಎಲ್ಲರೂ ಮೊದಲ ದಿನವೇ ಕಲಿಯುವ ನಿಯಮ ಒಂದಿದೆ. ಹೊರಪದರದ ಹಿಂಡುವ ಕೋಶಗಳು ಇದ್ದರೆ ಕ್ಯಾನ್ಸರ್ ನಾಳದಿಂದ ಆಚೆ ಬಂದಿಲ್ಲ. ಆ ಕೋಶಗಳು ಕಾಣೆಯಾಗಿದ್ದರೆ ಅದು ಆಕ್ರಮಣಕಾರಿ. ಇದಕ್ಕಾಗಿ ಪಿ63 ಎಂಬ ಬಣ್ಣದ ಪರೀಕ್ಷೆ ಮಾಡುತ್ತಾರೆ. ಹೊರಪದರದ ಕೋಶಗಳ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ನಿಯಮ ಒಳ್ಳೆಯದು, ದಿನನಿತ್ಯ ಕೆಲಸ ಮಾಡುತ್ತದೆ.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾದಲ್ಲಿ ಮಾತ್ರ ಇದೇ ನಿಯಮ ದಾರಿ ತಪ್ಪಿಸುತ್ತದೆ. ಇಲ್ಲಿ ಹಿಂಡುವ ಜಾತಿಯ ಕೋಶಗಳು ನಾಳದ ಕಾವಲಿಗೆ ನಿಂತ ಹಳೆಯ ಕೋಶಗಳಲ್ಲ. ಅವೇ ಕ್ಯಾನ್ಸರಿನ ಭಾಗ. ಪಿ63 ಹಾಕಿದರೆ ಕಂದು ಚುಕ್ಕೆ ಕಂಡೇ ಕಾಣುತ್ತದೆ. ಅವಸರದಲ್ಲಿ ನೋಡಿದವರು ‘ಹೊರಪದರ ಇದೆ, ಹಾಗಾಗಿ ನಾಳದೊಳಗಿನದ್ದು’ ಅಂದುಬಿಡಬಹುದು. ಇಲ್ಲವೇ ಪೂರ್ತಿ ಸಾಧು ಗಡ್ಡೆ ಅಂತಲೇ ಬರೆಯಬಹುದು. ಆದ್ದರಿಂದ ಪಿ63 ಇದೆಯೋ ಇಲ್ಲವೋ ಅಂತ ನೋಡಿದರೆ ಸಾಲದು, ಎಲ್ಲಿದೆ ಅಂತ ನೋಡಬೇಕು. ನಾಳದೊಳಗೇ ಉಳಿದಿರುವ ಜರಡಿ ಮಾದರಿಯ ಕ್ಯಾನ್ಸರ್, ಅಂದರೆ ಡಿಸಿಐಎಸ್‌ನಲ್ಲಿ ಕಂದು ಚುಕ್ಕೆಗಳು ದ್ವೀಪದ ಅಂಚಿನಲ್ಲಿ ಮಾತ್ರ, ಬಳೆಯಾಕಾರದಲ್ಲಿ ನಿಂತಿರುತ್ತವೆ. ಒಳಗಿನ ರಂಧ್ರಗಳ ಸುತ್ತ ಒಂದೂ ಇರುವುದಿಲ್ಲ. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಚುಕ್ಕೆಗಳು ದ್ವೀಪದ ಒಳಗೂ ಹರಡಿ, ಆ ಸುಳ್ಳು ರಂಧ್ರಗಳನ್ನು ಸುತ್ತುವರಿದಿರುತ್ತವೆ. ಈ ಒಂದು ವ್ಯತ್ಯಾಸವನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳುವುದು ಎಷ್ಟೋ ಪುಟ ಓದಿದ್ದಕ್ಕಿಂತ ಉಪಯೋಗ ಎಂದು ನನ್ನ ಅನಿಸಿಕೆ.

ನಾಳದಿಂದ ಆಚೆ ಬಂದ ಜರಡಿ ಮಾದರಿಯ ಕ್ಯಾನ್ಸರ್ ಇನ್ನೊಂದಿದೆ: ಇನ್ವೇಸಿವ್ ಕ್ರಿಬ್ರಿಫಾರ್ಮ್ ಕಾರ್ಸಿನೋಮಾ. ಇದೂ ನಿಧಾನದ್ದೇ, ಗುಣವಾಗುವ ಸಂಭವವೂ ಚೆನ್ನಾಗಿದೆ. ಆದರೆ ಇದರಲ್ಲಿ ಒಂದೇ ಬಗೆಯ ಕೋಶ, ಒಂದೇ ಬಗೆಯ ರಂಧ್ರ. ಪಿ63 ಎಲ್ಲೂ ಇಲ್ಲ. ಈಆರ್ ಮಾತ್ರ ದಟ್ಟವಾಗಿ ಪಾಸಿಟಿವ್. ಹಾಗಾಗಿ ಇದಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ. ಅಡಿನಾಯ್ಡ್ ಸಿಸ್ಟಿಕ್‌ಗೆ ಸಾಮಾನ್ಯವಾಗಿ ಅದರಿಂದ ಉಪಯೋಗವಿಲ್ಲ.

ಕ್ಯಾನ್ಸರೇ ಅಲ್ಲದ ಅವಳಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಕೊಲಾಜಿನಸ್ ಸ್ಫೆರುಲೋಸಿಸ್. ಇದು ಗಡ್ಡೆಯೂ ಅಲ್ಲ, ಕ್ಯಾನ್ಸರಂತೂ ಅಲ್ಲವೇ ಅಲ್ಲ. 1987ರಲ್ಲಿ ಮೊದಲ ಬಾರಿಗೆ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಪ್ಯಾಪಿಲೋಮಾ, ಅಡಿನೋಸಿಸ್‌ನಂಥ ಸಾಧು ಬದಲಾವಣೆಗಳ ಮೂಲೆಯಲ್ಲಿ ಪುಟ್ಟ ಪುಟ್ಟ ಗುಲಾಬಿ ಉಂಡೆಗಳು, ಸುತ್ತ ಹಿಂಡುವ ಕೋಶಗಳು. ಅದೇ ಬೇಸ್‌ಮೆಂಟ್ ಮೆಂಬ್ರೇನ್ ಸಾಮಗ್ರಿ, ಅದೇ ಎರಡು ಬಗೆಯ ಕೋಶ. ಹಾಗಾಗಿ ಪಿ63 ಇಲ್ಲಿ ಯಾವ ಸಹಾಯವನ್ನೂ ಮಾಡುವುದಿಲ್ಲ, ಎರಡರಲ್ಲೂ ಒಂದೇ ತರಹ ಕಾಣುತ್ತದೆ.

ಬೇರ್ಪಡಿಸಲು ಬೇರೆ ಬಣ್ಣ ಬೇಕು. ಸ್ಫೆರುಲೋಸಿಸ್‌ನಲ್ಲಿ ಹೊರಪದರದ ಕೋಶಗಳು ಪೂರ್ತಿ ಬೆಳೆದ, ನಿಜವಾಗಿ ಹಿಂಡಬಲ್ಲ ಕೋಶಗಳು. ಅವುಗಳಲ್ಲಿ ಸ್ನಾಯುವಿನ ಪ್ರೊಟೀನುಗಳಾದ ಕ್ಯಾಲ್ಪೋನಿನ್, ಮಯೋಸಿನ್ ಚೆನ್ನಾಗಿ ಕಾಣುತ್ತವೆ. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಅವು ಅರೆಬರೆ ಕೋಶಗಳು. ಪಿ63 ಇರುತ್ತದೆ, ಆದರೆ ಈ ಸ್ನಾಯು ಪ್ರೊಟೀನುಗಳು ಹೆಚ್ಚಿನ ಸಲ ಇರುವುದಿಲ್ಲ. ಒಳಪದರದಲ್ಲಿ ತಿರುವುಮುರುವು. ಸ್ಫೆರುಲೋಸಿಸ್‌ನ ಒಳಕೋಶಗಳಲ್ಲಿ ಈಆರ್ ಇರುತ್ತದೆ, ಸಿಡಿ117 ಎಂಬ ಇನ್ನೊಂದು ಪ್ರೊಟೀನು ಇರುವುದಿಲ್ಲ, ಇದ್ದರೂ ಮಂಕು. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಈಆರ್ ಇಲ್ಲ, ಸಿಡಿ117 ಗಾಢವಾಗಿ ಹೊಳೆಯುತ್ತದೆ. ಒಂದೇ ಬಣ್ಣವನ್ನು ನಂಬಿ ತೀರ್ಪು ಕೊಡಬಾರದು. ನಾಲ್ಕೈದು ಬಣ್ಣಗಳು ಒಂದೇ ಕಡೆಗೆ ಬೊಟ್ಟು ಮಾಡಬೇಕು.

ನಮ್ಮಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಗಂಟು ಅಂದ ಕೂಡಲೇ ಅನೇಕ ಊರುಗಳಲ್ಲಿ ಮೊದಲು ಮಾಡುವುದು ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ. ಖರ್ಚು ಕಡಿಮೆ, ಫಲಿತಾಂಶ ಬೇಗ. ಇದರಲ್ಲಿ ಬರುವುದು ಬಿಡಿ ಬಿಡಿ ಕೋಶಗಳು. ಗೀಮ್ಸಾ ಬಣ್ಣದಲ್ಲಿ ಆ ಉಂಡೆಗಳು ಕಡು ಮೆಜೆಂಟಾ ಬಣ್ಣದ ಗೋಲಿಗಳಾಗಿ, ಸುತ್ತ ಕೋಶಗಳನ್ನು ಅಂಟಿಸಿಕೊಂಡು ಕಾಣುತ್ತವೆ. ನೋಡಲು ಬಲು ಚೆಂದ. ಆದರೆ ಅದೇ ಗೋಲಿ ಅಡಿನಾಯ್ಡ್ ಸಿಸ್ಟಿಕ್‌ನಲ್ಲೂ ಬರುತ್ತದೆ, ಸ್ಫೆರುಲೋಸಿಸ್‌ನಲ್ಲೂ ಬರುತ್ತದೆ. ಇದರ ಮೇಲೆ ಸ್ತನ ತೆಗೆಯುವ ನಿರ್ಧಾರವನ್ನೂ ಮಾಡಬಾರದು, ‘ಏನೂ ಇಲ್ಲ, ಹೋಗಿ’ ಅಂತ ಕಳಿಸಲೂ ಬಾರದು. ಟ್ರು-ಕಟ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಿಂದ ತೆಗೆದ ದಾರದಂಥ ತುಣುಕು ಬೇಕೇ ಬೇಕು. ಕೈಗೆ ಸಿಗುವ ಗಟ್ಟಿ ಗಂಟು ಇದ್ದು, ರಿಪೋರ್ಟ್ ಮಾತ್ರ ಸ್ಫೆರುಲೋಸಿಸ್ ಅಂದರೆ ಅದೂ ಹೊಂದುವುದಿಲ್ಲ. ಸ್ಫೆರುಲೋಸಿಸ್ ಸಾಮಾನ್ಯವಾಗಿ ಮೈಕ್ರೋಸ್ಕೋಪಿಗಷ್ಟೇ ಸಿಗುವಷ್ಟು ಚಿಕ್ಕದು, ಬೇರೆ ಯಾವುದಕ್ಕೋ ತೆಗೆದ ತುಣುಕಿನಲ್ಲಿ ಅಕಸ್ಮಾತ್ತಾಗಿ ಕಾಣುವಂಥದ್ದು.

ಫಾರ್ಮಲಿನ್ ಬಾಟಲಿಯ ಪಾತ್ರ

ಈಆರ್ ಇಲ್ಲ ಅನ್ನುವುದು ಇಷ್ಟು ಮುಖ್ಯವಾದ ಸುಳಿವು ಅಂದಮೇಲೆ ಆ ‘ಇಲ್ಲ’ ನಿಜವೇ ಅಂತಲೂ ನೋಡಬೇಕು, ಅಲ್ವಾ? ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು. ದ್ರವ ತುಣುಕಿನ ಹತ್ತು ಪಟ್ಟು ಇರಬೇಕು. ದೊಡ್ಡ ತುಣುಕಾದರೆ ಕೊಯ್ದು ಬಿಡಿಸಿಡಬೇಕು, ಯಾಕೆಂದರೆ ಫಾರ್ಮಲಿನ್ ಒಳಗೆ ಇಳಿಯುವುದು ಬಹಳ ನಿಧಾನ. ಈಆರ್ ಪರೀಕ್ಷೆಗೆ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ನೆನೆದಿರಬೇಕು. ಸಣ್ಣ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ಆಪರೇಷನ್ ಆದಮೇಲೆ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ‘ಲ್ಯಾಬಿಗೆ ಮುಟ್ಟಿಸಿ’ ಅನ್ನುವುದುಂಟು. ಅವರು ಬಸ್ ಹತ್ತಿ ದೊಡ್ಡ ಊರಿಗೆ ಬರುವ ಹೊತ್ತಿಗೆ ಎಷ್ಟು ಹೊತ್ತಾಗಿರುತ್ತದೋ, ಬಾಟಲಿಯಲ್ಲಿ ಎಷ್ಟು ದ್ರವ ಇರುತ್ತದೋ. ಹೀಗೆ ಕೆಟ್ಟ ತುಣುಕಿನಲ್ಲಿ ಇದ್ದ ಈಆರ್ ಕೂಡ ಕಾಣದೆ ಹೋಗಬಹುದು. ಆಗ ಹಾರ್ಮೋನ್ ಮಾತ್ರೆಗೆ ಬಗ್ಗುತ್ತಿದ್ದ ಕ್ರಿಬ್ರಿಫಾರ್ಮ್ ಕ್ಯಾನ್ಸರ್ ಸುಳ್ಳು ಸುಳ್ಳೇ ಟ್ರಿಪಲ್ ನೆಗೆಟಿವ್ ಆಗಿಬಿಡುತ್ತದೆ.

ಇದನ್ನು ಹಿಡಿಯಲು ಪೆಥಾಲಜಿಸ್ಟ್‌ಗಳಿಗೆ ಒಂದು ಸುಲಭದ ದಾರಿ ಇದೆ. ಅದೇ ಸ್ಲೈಡಿನಲ್ಲಿ ಗಡ್ಡೆಯ ಪಕ್ಕದಲ್ಲಿ ಆರೋಗ್ಯವಾಗಿರುವ ನಾಳಗಳು ಇರುತ್ತವೆ. ಅವುಗಳಲ್ಲಿ ಈಆರ್ ಬಣ್ಣ ಬಂದಿದೆಯೇ ನೋಡಬೇಕು. ಅಲ್ಲೂ ಬಂದಿಲ್ಲ ಅಂದರೆ ಪರೀಕ್ಷೆಯನ್ನೇ ನಂಬುವಂತಿಲ್ಲ, ಮತ್ತೆ ಮಾಡಬೇಕು. ರಿಪೋರ್ಟಿನಲ್ಲಿ ‘ಇಂಟರ್ನಲ್ ಕಂಟ್ರೋಲ್ ಪಾಸಿಟಿವ್’ ಅಂತ ಒಂದು ಸಾಲು ಇದ್ದರೆ ಇದನ್ನು ನೋಡಿದ್ದಾರೆ ಎಂದರ್ಥ.

ರಂಧ್ರವೇ ಇಲ್ಲದಾಗ

ಈವರೆಗೆ ಹೇಳಿದ್ದು ಸಾಂಪ್ರದಾಯಿಕ ರೂಪ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಇದರ ಜೊತೆಗೆ ಸಾಲಿಡ್-ಬೇಸಲಾಯ್ಡ್ ಎಂಬ ರೂಪವನ್ನೂ, ಮೃದು ಗಡ್ಡೆ ಉಗ್ರ ರೂಪಕ್ಕೆ ತಿರುಗಿದ್ದನ್ನೂ ಬೇರೆಯಾಗಿ ಗುರುತಿಸುತ್ತದೆ. ಸಾಲಿಡ್-ಬೇಸಲಾಯ್ಡ್‌ನಲ್ಲಿ ಜರಡಿ ಕಾಣುವುದಿಲ್ಲ. ಕಡು ನೀಲಿ ಕೋಶಗಳು ಒತ್ತೊತ್ತಾಗಿ ತುಂಬಿರುತ್ತವೆ. ಸಾಮಾನ್ಯ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್, ಸ್ಮಾಲ್ ಸೆಲ್ ಕ್ಯಾನ್ಸರ್, ಒಮ್ಮೊಮ್ಮೆ ಲಿಂಫೋಮಾ ಅಂತಲೂ ಅನಿಸಬಹುದು. ಇದು ಮೃದುವೂ ಅಲ್ಲ. ಕಂಕುಳಿನ ಗ್ರಂಥಿಗೆ, ದೂರದ ಅಂಗಗಳಿಗೆ ಹೋಗುವ ಸಂಭವ ಜಾಸ್ತಿ. ಆದ್ದರಿಂದ ‘ಅಡಿನಾಯ್ಡ್ ಸಿಸ್ಟಿಕ್’ ಅಂತ ಹೆಸರು ಬಂದ ಮಾತ್ರಕ್ಕೆ ನಿರಾಳವಾಗಬಾರದು. ಯಾವ ರೂಪ, ಗಟ್ಟಿಯಾಗಿ ತುಂಬಿದ ಭಾಗ ಎಷ್ಟು ಅಂತ ಕೇಳಬೇಕು. ಹಿಂದಿನಿಂದ ಬಂದ ಒಂದು ಗ್ರೇಡಿಂಗ್ ಪದ್ಧತಿಯಲ್ಲಿ ಈ ಭಾಗ ಶೇ. 30 ದಾಟಿದರೆ ಗ್ರೇಡ್ 3 ಅನ್ನುತ್ತಾರೆ.

ಬಣ್ಣಗಳೂ ಗೊಂದಲ ಬಿಡಿಸದಿದ್ದಾಗ ಜೀನ್ ಪರೀಕ್ಷೆ ನೆರವಿಗೆ ಬರುತ್ತದೆ. 2009ರಲ್ಲಿ ಸ್ವೀಡನ್ನಿನ ಗೋರಾನ್ ಸ್ಟೆನ್‌ಮನ್ ಅವರ ತಂಡ ಒಂದು ಮಹತ್ವದ ವಿಷಯ ಪ್ರಕಟಿಸಿತು. ಈ ಗಡ್ಡೆಗಳಲ್ಲಿ 6ನೇ ಮತ್ತು 9ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಎಂವೈಬಿ, ಎನ್‌ಎಫ್‌ಐಬಿ ಎಂಬ ಎರಡು ಜೀನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತಲೆ-ಕತ್ತಿನ ಗಡ್ಡೆಗಳಲ್ಲೂ ಇದೇ, ಸ್ತನದ ಗಡ್ಡೆಗಳಲ್ಲೂ ಇದೇ. ಎಂವೈಬಿ ಜೀನ್ ಹದ್ದು ಮೀರಿ ಕೆಲಸ ಮಾಡತೊಡಗಿ ಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಈ ಅಂಟನ್ನು ಫಿಶ್ ಎಂಬ ಪರೀಕ್ಷೆಯಲ್ಲಿ ಹುಡುಕಬಹುದು. ಸಿಕ್ಕರೆ ತೀರ್ಮಾನ ಗಟ್ಟಿ. ಸಿಗದಿದ್ದರೆ ‘ಅಲ್ಲ’ ಅನ್ನಲಾಗದು. ಕೆಲವು ಗಡ್ಡೆಗಳಲ್ಲಿ ಎಂವೈಬಿಯ ಬದಲು ಅದರ ಸಂಬಂಧಿ ಎಂವೈಬಿಎಲ್1 ಕೆಟ್ಟಿರುತ್ತದೆ. ಸಾಲಿಡ್-ಬೇಸಲಾಯ್ಡ್‌ನಲ್ಲಂತೂ ಈ ಅಂಟು ಸಿಗುವುದೇ ಕಡಿಮೆ.

ಹೆಸರು ಸರಿಯಾಗಿ ಬರಬೇಕಾದದ್ದು ಯಾವಾಗ

ಮೊದಲೆಲ್ಲ ಗಡ್ಡೆ ಪೂರ್ತಿ ತೆಗೆದು, ಪೂರ್ತಿ ಪರೀಕ್ಷಿಸಿ, ಆಮೇಲೆ ಮುಂದಿನ ಮಾತು. ಈಗ ಟ್ರಿಪಲ್ ನೆಗೆಟಿವ್ ಗಡ್ಡೆ 2 ಸೆಂ.ಮೀ. ದಾಟಿದ್ದರೆ ಅಥವಾ ಕಂಕುಳಿನ ಗ್ರಂಥಿಗೆ ಹೋಗಿದ್ದರೆ ಸಾಮಾನ್ಯವಾಗಿ ಮೊದಲು ಕಿಮೋ, ನಂತರ ಆಪರೇಷನ್. ಸಾಮಾನ್ಯ ಟ್ರಿಪಲ್ ನೆಗೆಟಿವ್‌ಗೆ ಇದು ಸರಿಯಾದ ಕ್ರಮ. ಆದರೆ ಇದರಿಂದ ಇಡೀ ನಿರ್ಧಾರ ಟ್ರು-ಕಟ್‌ನ ಆ ನಾಲ್ಕಾರು ಸಣ್ಣ ತುಣುಕಿನ ಮೇಲೆ ನಿಂತಿದೆ. ಅಲ್ಲಿ ಹೆಸರು ತಪ್ಪಿದರೆ, ಬಹುಶಃ ಬೇಡದಿದ್ದ ಕಿಮೋವನ್ನು ಒಬ್ಬ ಹೆಂಗಸು ತಿಂಗಳುಗಟ್ಟಲೆ ಅನುಭವಿಸಬೇಕಾಗುತ್ತದೆ. ಕೂದಲು, ಬಾಯಿಹುಣ್ಣು, ಬಿಳಿ ರಕ್ತಕಣ ಇಳಿದು ಬರುವ ಜ್ವರ, ಸಾಲ. ಇಷ್ಟಾದರೂ ನಿಧಾನವಾಗಿ ಬೆಳೆಯುವ ಈ ಗಡ್ಡೆ ಕಿಮೋಗೆ ಅಷ್ಟಾಗಿ ಕರಗುವುದಿಲ್ಲ.

ಸಾಂಪ್ರದಾಯಿಕ ರೂಪದ ಅಡಿನಾಯ್ಡ್ ಸಿಸ್ಟಿಕ್, ಕಂಕುಳಿನ ಗ್ರಂಥಿಯಲ್ಲಿ ಏನೂ ಇಲ್ಲ ಅಂದರೆ ಮುಖ್ಯ ಚಿಕಿತ್ಸೆ ಆಪರೇಷನ್. ಅಂಚು ಸ್ವಚ್ಛವಾಗಿ ಬರುವಂತೆ ಗಡ್ಡೆ ತೆಗೆಯಬೇಕು. ಸ್ತನ ಉಳಿಸಿಕೊಂಡಿದ್ದರೆ ರೇಡಿಯೇಶನ್. ಗ್ರಂಥಿಗೆ ಹರಡುವುದು ಅಪರೂಪವಾದ್ದರಿಂದ ಕಂಕುಳನ್ನೆಲ್ಲ ಬಗೆಯದೆ ಸೆಂಟಿನೆಲ್ ಗ್ರಂಥಿಯನ್ನಷ್ಟೇ, ಅಂದರೆ ಕ್ಯಾನ್ಸರ್ ಹರಡಿದರೆ ಮೊದಲು ಮುಟ್ಟುವ ಗ್ರಂಥಿಯನ್ನಷ್ಟೇ ನೋಡಿದರೆ ಹೆಚ್ಚಾಗಿ ಸಾಕು. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ ಕೂಡ ಇದನ್ನು ಸಾಮಾನ್ಯ ಟ್ರಿಪಲ್ ನೆಗೆಟಿವ್ ಗುಂಪಿನಿಂದ ಬೇರೆ ತೆಗೆದು, ಒಳ್ಳೆಯ ಫಲಿತಾಂಶದ ಜಾತಿಗಳ ಪಟ್ಟಿಯಲ್ಲಿ ಇಟ್ಟಿದೆ. ಆ ಪಟ್ಟಿಯಲ್ಲಿ ಸೆಕ್ರಿಟರಿ ಕಾರ್ಸಿನೋಮಾ ಎಂಬ ಇನ್ನೊಂದು ಅಪರೂಪದ ಗಡ್ಡೆಯೂ ಇದೆ. ಅದಕ್ಕೆ ಅದರದ್ದೇ ಬೇರೆ ಜೀನ್ ಅಂಟು, ಈಟಿವಿ6 ಮತ್ತು ಎನ್‌ಟಿಆರ್‌ಕೆ3.

ಹಾಗಾದರೆ ರೋಗಿಯ ಕಡೆಯವರು ಏನು ಮಾಡಬಹುದು? ರೋಗನಿರ್ಣಯ ಅವರ ಕೆಲಸವಲ್ಲ. ಆದರೆ ರಿಪೋರ್ಟಿನ ಮೂರು ಸಾಲು ಒಂದಕ್ಕೊಂದು ಹೊಂದುತ್ತವೆಯೇ ಅಂತ ಯಾರಾದರೂ ನೋಡಬಹುದು: ಗಡ್ಡೆಯ ಜಾತಿ, ಗ್ರೇಡ್, ರಿಸೆಪ್ಟರ್. ಟ್ರಿಪಲ್ ನೆಗೆಟಿವ್ ಜೊತೆ ಗ್ರೇಡ್ 3, ಕೆಐ-67 ಜಾಸ್ತಿ ಅಂದರೆ ಮಾತು ಹೊಂದುತ್ತದೆ, ಚಿಕಿತ್ಸೆಗೆ ತಡ ಮಾಡಬೇಡಿ. ಟ್ರಿಪಲ್ ನೆಗೆಟಿವ್ ಜೊತೆ ಗ್ರೇಡ್ 1, ಅಥವಾ ‘ಕ್ರಿಬ್ರಿಫಾರ್ಮ್’ ಅನ್ನುವ ಪದ ಇದ್ದರೆ ವೈದ್ಯರನ್ನು ನೇರವಾಗಿ ಕೇಳಿ: ‘ಸರ್, ಇದು ವಿಶೇಷ ಜಾತಿಯ ಗಡ್ಡೆ ಇರಬಹುದಾ? ಸ್ಲೈಡ್ ಇನ್ನೊಮ್ಮೆ ತೋರಿಸೋಣವಾ?’ ಒಳ್ಳೆಯ ವೈದ್ಯರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ತೋರಿಸಲು ಹೋಗುವಾಗ ರಿಪೋರ್ಟ್ ಒಂದೇ ಸಾಲದು. ಸ್ಲೈಡುಗಳ ಜೊತೆ ಬ್ಲಾಕುಗಳೂ ಬೇಕು. ಬ್ಲಾಕ್ ಅಂದರೆ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪುಟ್ಟ ಪ್ಲಾಸ್ಟಿಕ್ ಚೌಕ. ಹೊಸ ಬಣ್ಣ ಹಾಕಬೇಕಾದರೆ, ಜೀನ್ ಪರೀಕ್ಷೆ ಮಾಡಬೇಕಾದರೆ ಅದರಿಂದಲೇ ಮತ್ತೆ ಕತ್ತರಿಸುತ್ತಾರೆ. ಲ್ಯಾಬಿಗೆ ಬರೆದುಕೊಟ್ಟು ಕೇಳಿದರೆ ಕೊಡುತ್ತಾರೆ. ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೊರಗಿನ ಸ್ಲೈಡ್ ಮತ್ತು ಬ್ಲಾಕ್ ಮರುಪರಿಶೀಲನೆ ದಿನನಿತ್ಯದ ಕೆಲಸ. ಅಪರೂಪದ ಗಡ್ಡೆಯನ್ನು ಹೆಚ್ಚು ಸಲ ನೋಡಿದ ಕಣ್ಣು ಅಲ್ಲಿರುತ್ತದೆ.

ಹೆಸರು ಖಚಿತವಾದ ಮೇಲೆ ಇನ್ನೊಂದು ವಿಚಾರಣೆ ಬಾಕಿ ಇರುತ್ತದೆ. ಇದೇ ಗಡ್ಡೆ ಮೊದಲೆಂದಾದರೂ ಬಾಯಿ, ದವಡೆ, ಕಣ್ಣೀರಿನ ಗ್ರಂಥಿಯಲ್ಲಿ ಬಂದಿತ್ತೇ ಅಂತ ವಿಚಾರಿಸಬೇಕು. ಅಲ್ಲಿಂದ ಸ್ತನಕ್ಕೆ ಬರುವುದು ಬಹಳ ಬಹಳ ಅಪರೂಪ, ಆದರೆ ಹಾಗೆ ಬಂದಿದ್ದರೆ ಕಾಯಿಲೆಯ ಲೆಕ್ಕವೇ ಬದಲಾಗುತ್ತದೆ. ಮತ್ತೆ, ಚಿಕಿತ್ಸೆ ಮುಗಿದ ಐದು ವರ್ಷಕ್ಕೆ ಫೈಲ್ ಮುಚ್ಚಬಾರದು. ಈ ಗಡ್ಡೆ ಮರುಕಳಿಸುವುದು ಅಪರೂಪವಾದರೂ, ಮರುಕಳಿಸಿದಾಗ ತಡವಾಗಿ ಬರುತ್ತದೆ. ಕಂಕುಳಿನ ಗ್ರಂಥಿಗೆ ಹೋಗದೆ ನೇರವಾಗಿ ಶ್ವಾಸಕೋಶಕ್ಕೆ ಹೋಗಿದ್ದೂ ಉಂಟು. ವಾರಗಟ್ಟಲೆ ಬಿಡದ ಕೆಮ್ಮು, ದಮ್ಮು ಬಂದಾಗ ತೋರಿಸುವ ವೈದ್ಯರು ಯಾರೇ ಆಗಿರಲಿ, ಹಳೆಯ ಬಯಾಪ್ಸಿ ರಿಪೋರ್ಟನ್ನೂ ಅವರ ಮುಂದಿಡಿ.